ತಮ್ಮನ ಮಗಳ ಹೋಂವರ್ಕು, ನನ್ನ ಹೊಲದ ಫೋಟೋ

ನನ್ನದು ಚಳ್ಳಕೆರೆ ತಾಲ್ಲೂಕು. ಏಳನೇ ಕ್ಲಾಸು ಮುಗಿಸಿ ಹೊಲಕ್ಕೆ ಇಳಿದವನು. ಆರು ಎಕರೆ ಮಸಾರಿ ಭೂಮಿ, ಬೋರ್‌ವೆಲ್ ಇಲ್ಲ. ಮಳೆ ಬಂದರೆ ಶೇಂಗಾ, ನಡುವೆ ಅಕ್ಕಡಿ ಸಾಲು ತೊಗರಿ. ಇಂಥವನು ಫೋಟೋ ವಿಷಯ ಬರೆಯೋದೇನು ಅಂತ ನಿಮಗೆ ಅನ್ನಿಸಬಹುದು. ಸ್ಟುಡಿಯೋದವರ ವಿದ್ಯೆ ನನಗೆ ಗೊತ್ತಿಲ್ಲ. ಹೈಸ್ಕೂಲು ಮಕ್ಕಳಿಗೆ ಕೊಟ್ಟ ಹೋಂವರ್ಕಿನಿಂದ ನಾನು ಏನು ಕಲಿತೆ, ಬರದ ವರ್ಷ ಅದು ನನಗೆ ಹೇಗೆ ಉಪಯೋಗಕ್ಕೆ ಬಂತು, ಅಷ್ಟನ್ನೇ ಬರೆಯುತ್ತೇನೆ.

2023ರ ಜೂನ್‌ನಲ್ಲಿ ತಮ್ಮನ ಮಗಳು ಒಂಬತ್ತನೇ ಕ್ಲಾಸಿಗೆ ಬಂದಳು. ಅವರ ಡ್ರಾಯಿಂಗ್ ಮೇಷ್ಟ್ರು ಚಿತ್ರ ಬರೆಸುವುದರ ಜೊತೆಗೆ ಆ ವರ್ಷ ಫೋಟೋ ತೆಗೆಯುವುದನ್ನೂ ಹೇಳಿಕೊಟ್ಟರು. ಶಾಲೆಯಲ್ಲಿ ಕ್ಯಾಮೆರಾ ಇಲ್ಲ. ಮನೆಯಲ್ಲಿರುವ ಫೋನು ಸಾಕು, ನಾಲ್ಕು ಮಕ್ಕಳಿಗೆ ಒಂದು ಫೋನಿದ್ದರೆ ಆಯಿತು ಅಂದರಂತೆ. ವಾರಕ್ಕೊಂದು ಕೆಲಸ. ಅದಕ್ಕೆ ಅವರು ಅಸೈನ್‌ಮೆಂಟು ಅಂತಾರೆ, ನಮ್ಮ ಕಾಲದ ಹೋಂವರ್ಕೇ. ಫೋನು ನನ್ನ ತಮ್ಮನದು. ಸಂಜೆ ಅವನು ಹಾಲಿನ ಡೇರಿಗೆ ಹೋದರೆ ಹುಡುಗಿಗೆ ಜೊತೆ ನಾನೇ. ಹಿಂಗೆ ನಾನೂ ಆ ಕ್ಲಾಸಿಗೆ ಸೇರಿದೆ.

ಮೊದಲ ಹೋಂವರ್ಕು: ಒಂದೇ ವಸ್ತು, ಹತ್ತು ಫೋಟೋ, ಹತ್ತೂ ಬೇರೆ ಬೇರೆ ಕಡೆ ನಿಂತು. ಝೂಮ್ ಮಾಡುವಂತಿಲ್ಲ, ನಡೆದುಕೊಂಡು ಹತ್ತಿರ ಹೋಗಬೇಕು. ಅವಳು ನಮ್ಮ ಎತ್ತಿನ ಗಾಡಿಯನ್ನು ಆರಿಸಿಕೊಂಡಳು. ಮುಂದಿನಿಂದ ತೆಗೆದರೆ ನೊಗವೇ ಗಾಡಿಗಿಂತ ದೊಡ್ಡದು. ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂತು ತೆಗೆದರೆ ಚಕ್ರ ಮನೆಯಷ್ಟು ಎತ್ತರ. ಮಾಳಿಗೆ ಮೇಲಿಂದ ತೆಗೆದರೆ ಆಟದ ಗಾಡಿ. ಇರೋದು ಒಂದೇ ಗಾಡಿ, ಮೂವತ್ತು ವರ್ಷದಿಂದ ನಾನು ಕೀಲೆಣ್ಣೆ ಹಾಕುತ್ತಾ ಬಂದದ್ದು. ಕ್ಯಾಮೆರಾ ಇದ್ದದ್ದನ್ನು ಇದ್ದ ಹಾಗೇ ತೋರಿಸುತ್ತೆ ಅಂತ ನಾವು ತಿಳಿದಿರುತ್ತೇವೆ. ಅದು ತೋರಿಸುವುದು ನಾವು ಎಲ್ಲಿ ನಿಂತೆವೋ ಅಲ್ಲಿಂದ ಕಂಡದ್ದನ್ನು ಮಾತ್ರ.

ಇದು ಎಷ್ಟು ದೊಡ್ಡ ಮಾತು ಅನ್ನುವುದು ಎರಡು ತಿಂಗಳು ಕಳೆದ ಮೇಲೆ ಗೊತ್ತಾಯಿತು.

ಆ ವರ್ಷ ಮಳೆ ಕೈಕೊಟ್ಟದ್ದು ನಿಮಗೆಲ್ಲ ನೆನಪಿದೆ. ರಾಜ್ಯದ 236 ತಾಲ್ಲೂಕಿನಲ್ಲಿ 223 ತಾಲ್ಲೂಕು ಬರಪೀಡಿತ ಅಂತ ಸರಕಾರವೇ ಘೋಷಣೆ ಮಾಡಿತ್ತು. ಶೇಂಗಾಕ್ಕೆ ವಿಮೆ ಕಟ್ಟಿದ್ದೆ. ವಿಮೆ ಕಟ್ಟಿದ ಬೆಳೆಗೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಗೂ ತಾಳೆಯಾಗದಿದ್ದರೆ ಹಣ ನಿಲ್ಲುತ್ತದೆ. ಸಮೀಕ್ಷೆ ಈಗ ಫೋನಿನಲ್ಲೇ ನಡೆಯುತ್ತದೆ. 2020ರ ಮುಂಗಾರಿನಿಂದ ರೈತರೇ ತಮ್ಮ ಸರ್ವೆ ನಂಬರಿನಲ್ಲಿ ನಿಂತು ಬೆಳೆ ಫೋಟೋ ತೆಗೆದು ಹಾಕಬಹುದು. ಹಾಕದಿದ್ದರೆ ಊರಿಗೆ ನೇಮಿಸಿದ ಹುಡುಗರು ಬಂದು ತೆಗೆಯುತ್ತಾರೆ. ನಮ್ಮ ಹೊಲಕ್ಕೆ ಒಬ್ಬ ಹುಡುಗ ಬಂದಿದ್ದ. ನಾವ್ಯಾರೂ ಹೊಲದಲ್ಲಿ ಇರಲಿಲ್ಲ.

ಬೆಳೆ ದರ್ಶಕ ಅಂತ ಒಂದು ಆ್ಯಪ್ ಇದೆ. ನಮ್ಮ ಸರ್ವೆ ನಂಬರಿಗೆ ಯಾವ ಬೆಳೆ ಬರೆದಿದ್ದಾರೆ, ಯಾವ ಫೋಟೋ ಹಾಕಿದ್ದಾರೆ ಅಂತ ಅದರಲ್ಲಿ ನೋಡಬಹುದು, ತಪ್ಪಿದ್ದರೆ ಆಕ್ಷೇಪಣೆ ಹಾಕಬಹುದು. ತಮ್ಮನ ಮಗಳು ತೆಗೆದು ನೋಡಿದರೆ ನಮ್ಮ ಹೊಲದ ಬೆಳೆ ‘ತೊಗರಿ’! ಫೋಟೋದಲ್ಲೂ ತೊಗರಿಯೇ. ಸುಳ್ಳು ಫೋಟೋ ಅಲ್ಲ. ನಮ್ಮದೇ ಹೊಲ, ನಮ್ಮದೇ ತೊಗರಿ. ಹುಡುಗ ಬದುವಿನ ಕೊನೆಯಲ್ಲಿ ಸರಿಯಾಗಿ ಅಕ್ಕಡಿ ಸಾಲಿನ ಎದುರಿಗೆ ನಿಂತು ಫೋನು ಎತ್ತಿದ್ದಾನೆ. ಮೊಣಕಾಲು ದಾಟಿದ್ದ ತೊಗರಿ ಸಾಲು ಗೋಡೆ ಕಟ್ಟಿದಂಗೆ ಮುಂದೆ ನಿಂತಿದೆ. ಗೇಣುದ್ದದ ಶೇಂಗಾ ಅದರ ಹಿಂದೆ ಕಾಣೋದಾದರೂ ಹೆಂಗೆ? ಎಂಟು ಸಾಲು ಶೇಂಗಾಕ್ಕೆ ಒಂದು ಸಾಲು ತೊಗರಿ ಇರುವ ಹೊಲ ಫೋಟೋದಲ್ಲಿ ತೊಗರಿ ಹೊಲವಾಗಿತ್ತು.

ನನಗೆ ಸಿಟ್ಟು ಬಂತು. ಅವಳು ಮಾತ್ರ ನಕ್ಕಳು. “ದೊಡ್ಡಪ್ಪ, ಗಾಡಿ ಫೋಟೋ ನೆನಪಿಲ್ವಾ? ಆ ಅಣ್ಣ ಒಂದೇ ಕಡೆ ನಿಂತ್ಕಂಡು ತೆಗ್ದಿದಾನೆ ಅಷ್ಟೆ. ನಾವು ಮೂರು ತೆಗೆಯಾಣ ಬಾ.”

ಮೂರು ಅಂದಿದ್ದು ಅವರ ಆ ವಾರದ ಹೋಂವರ್ಕು. ಒಂದು ಕೆಲಸವನ್ನು ಗೊತ್ತಿಲ್ಲದವರಿಗೆ ಮೂರು ಫೋಟೋದಲ್ಲಿ ತಿಳಿಸಬೇಕು: ಒಂದು ದೂರದ್ದು, ಒಂದು ನಡುವಿನದು, ಒಂದು ಹತ್ತಿರದ್ದು. ಮೇಷ್ಟ್ರು ಇದನ್ನು ರೊಟ್ಟಿ ಸುಡುವುದರ ಮೇಲೆ ಮಾಡಿಸಿದ್ದರಂತೆ. ನಾವು ಹೊಲದ ಮೇಲೆ ಮಾಡಿದೆವು. ದೂರದ ಫೋಟೋಕ್ಕೆ ಗಾಡಿ ಹೊಡಕೊಂಡು ಹೋಗಿ ಅದರ ಮೇಲೆ ಹತ್ತಿ ನಿಂತಳು. ಇಡೀ ಹೊಲ, ಮೂಲೆಯ ಬೇವಿನ ಮರ, ಬಾಂದು ಕಲ್ಲು ಮೂರೂ ಬಂದವು. ಇದು ಯಾರ ಹೊಲ ಅಂತ ಯಾರೂ ಕೇಳುವ ಹಾಗಿಲ್ಲ. ನಡುವಿನದನ್ನು ಸಾಲಿಗೆ ಅಡ್ಡಡ್ಡವಾಗಿ ನಿಂತು ತೆಗೆದಳು. ಎಂಟು ಸಾಲು ಶೇಂಗಾ, ಒಂದು ತೊಗರಿ, ಮತ್ತೆ ಎಂಟು ಸಾಲು, ಬೆರಳಿಟ್ಟು ಎಣಿಸಬಹುದು. ಹತ್ತಿರದ್ದಕ್ಕೆ ನಾನು ಒಂದು ಗಿಡ ಕಿತ್ತು ಹಿಡಿದೆ. ಬೇರಿನಲ್ಲಿ ನಾಲ್ಕೇ ನಾಲ್ಕು ಜೊಳ್ಳು ಕಾಯಿ. ಅಂಗೈ ಮೇಲೆ ಅದನ್ನು ನೋಡಿದಾಗ ನನಗೇ ಹೊಟ್ಟೆ ಕಲಸಿದಂಗಾಯ್ತು.

ಆಕ್ಷೇಪಣೆ ಹಾಕಿದೆವು. ಮೂರು ಫೋಟೋ ಪ್ರಿಂಟು ಹಾಕಿಸಿ ಕಚೇರಿಗೂ ಒಯ್ದೆ. ಅಲ್ಲಿನವರು ಹೊಲಕ್ಕೆ ಬಂದು ನೋಡಿ ತಿದ್ದಿದರು. ಫೋಟೋ ನೋಡಿಯೇ ತಿದ್ದಿದರು ಅಂತ ನಾನು ಹೇಳಲಾರೆ, ಬಂದು ನೋಡುವುದು ಅವರ ಕ್ರಮ. ಆದರೆ ಬಂದವರು ನೇರ ಗಾಡಿ ನಿಲ್ಲಿಸಿದ್ದ ಜಾಗಕ್ಕೇ ಹೋಗಿ ನಿಂತರು. ವಿಮೆ ಹಣ ತಡವಾಗಿ ಬಂತು, ಆದರೆ ಬಂತು. ನಮ್ಮೂರಲ್ಲೇ ಅಕ್ಕಡಿ ಹಾಕಿದ್ದ ಇನ್ನಿಬ್ಬರಿಗೆ ಅದು ಬರಲಿಲ್ಲ. ಅವರು ಆ್ಯಪ್ ತೆಗೆದು ನೋಡುವ ಹೊತ್ತಿಗೆ ಆಕ್ಷೇಪಣೆ ದಿನ ಮುಗಿದಿತ್ತು.

ಎಡಿಟಿಂಗ್ ಪಾಠ ದೀಪಾವಳಿ ಕಳೆದ ಮೇಲೆ ಶುರುವಾಯಿತು. ಮಕ್ಕಳಿಗೆ ಇದೇ ಬಲು ಇಷ್ಟ. ಮುಖ ಬೆಳ್ಳಗೆ ಮಾಡುವುದು, ಹಿಂದೆ ತಾಜಮಹಲು ಕೂರಿಸುವುದು. ಮೇಷ್ಟ್ರು ಜಾಣರು. ಮೊದಲು ಬೇರೆ ಹೋಂವರ್ಕು ಕೊಟ್ಟರು: ಹೆಸರಾದ ಒಂದು ಫೋಟೋದ ಕತೆ ಹೇಳುತ್ತೇನೆ, ಅದರ ಮೇಲೆ ಒಂದು ಪುಟ ಬರೆದು ತನ್ನಿ. ಅವಳು ಬರೆದದ್ದನ್ನು ನನಗೆ ಓದಿ ಹೇಳಿದಳು. ನಮ್ಮಂಥ ಒಣಭೂಮಿಯವರದೇ ಕತೆ ಅದು.

1936ರಲ್ಲಿ ಅಮೆರಿಕದಲ್ಲಿ ಭಾರೀ ಬರ. ಬರದ ಸ್ಥಿತಿ ತೋರಿಸುವ ಫೋಟೋ ತೆಗೆಯಲು ಅಲ್ಲಿನ ಸರಕಾರ ಆಳು ಕಳಿಸಿತ್ತು. ಅವರಲ್ಲೊಬ್ಬ ಆರ್ಥರ್ ರಾತ್‌ಸ್ಟೈನ್ ಅಂತ, ಇಪ್ಪತ್ತರ ಹುಡುಗ. ಸೌತ್ ಡಕೋಟಾ ಅನ್ನುವ ಕಡೆ ಬಿರುಕು ಬಿಟ್ಟ ನೆಲದ ಮೇಲೆ ಹೋರಿಯ ತಲೆಬುರುಡೆ ಬಿದ್ದಿತ್ತು. ಫೋಟೋ ತೆಗೆದ. ಆಮೇಲೆ ಬುರುಡೆಯನ್ನು ಹತ್ತು ಅಡಿಯಷ್ಟು ಸರಿಸಿ ಬೇರೆ ಬೇರೆ ಜಾಗದಲ್ಲಿಟ್ಟು ಇನ್ನಷ್ಟು ತೆಗೆದ. ಅದು ಅಧ್ಯಕ್ಷರ ಚುನಾವಣೆ ವರ್ಷ. ಒಂದೇ ಬುರುಡೆ ಎರಡು ಜಾಗದಲ್ಲಿ ಇರುವುದನ್ನು ಪತ್ರಿಕೆಯವರು ಹಿಡಿದರು. ಬುರುಡೆಯನ್ನು ಹೊತ್ತು ತಿರುಗಿ ಬರ ಸೃಷ್ಟಿ ಮಾಡ್ತಾರೆ ಅಂತ ಸರಕಾರದ ವಿರೋಧಿಗಳು ಎಬ್ಬಿಸಿದರು. ಬರ ಸುಳ್ಳಲ್ಲ, ದನ ಸತ್ತದ್ದು ಸುಳ್ಳಲ್ಲ, ಜನ ಊರು ಬಿಟ್ಟದ್ದು ಸುಳ್ಳಲ್ಲ. ಹತ್ತು ಅಡಿ ಸರಿಸಿದ್ದಕ್ಕೆ ಎಲ್ಲದರ ಮೇಲೂ ಅನುಮಾನ ಬಂತು.

ಇದನ್ನು ಕೇಳಿದಾಗ ನನಗೆ ನಮ್ಮ ಕಡೆಯದೇ ನೆನಪಾಯಿತು. ಬರ ಅಧ್ಯಯನಕ್ಕೆ ತಂಡ ಬರುತ್ತೆ ಅಂದರೆ ಸಾಕು, ಇದ್ದುದರಲ್ಲೇ ಹೆಚ್ಚು ಒಣಗಿದ ಹೊಲ ಯಾವುದು ಅಂತ ಹುಡುಕುತ್ತೇವೆ. ಅದರ ಪಕ್ಕದ ಹೊಲದಲ್ಲಿ ಒಂದು ಚೂರು ಹಸಿರು ಕಂಡರೆ ಬಂದವರ ಮುಖ ಬೇರೆ ಆಗುತ್ತೆ. ಎರಡನ್ನೂ ತೋರಿಸುವುದು ವಾಸಿ.

ಆಮೇಲೆ ಬಂತು ಎಡಿಟಿಂಗ್ ಹೋಂವರ್ಕು. ಒಂದು ಫೋಟೋವನ್ನು ಎರಡು ರೀತಿ ತಿದ್ದಬೇಕು. ಮೂಲ ಫೋಟೋ ಅಳಿಸುವಂತಿಲ್ಲ, ಅದರ ಪಕ್ಕದಲ್ಲೇ ತಿದ್ದಿದ್ದನ್ನು ಇಡಬೇಕು. ಏನೇನು ತಿದ್ದಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬೇಡದ ಅಂಚು ಕತ್ತರಿಸುವುದು, ವಾರೆಯಾದದ್ದನ್ನು ನೇರ ಮಾಡುವುದು, ಕತ್ತಲಾದದ್ದಕ್ಕೆ ಬೆಳಕು ಕೊಡುವುದು ಒಂದು ಬಗೆ. ಇಲ್ಲದ್ದನ್ನು ಸೇರಿಸುವುದು, ಇದ್ದದ್ದನ್ನು ತೆಗೆಯುವುದು, ಬಣ್ಣ ಬದಲಿಸುವುದು ಇನ್ನೊಂದು ಬಗೆ. ಎರಡನೆಯದನ್ನು ಮಾಡಬಾರದು ಅಂತ ಮೇಷ್ಟ್ರು ಹೇಳಲಿಲ್ಲವಂತೆ. ಮದುವೆ ಕಾರ್ಡಿಗೆ, ಜಾತ್ರೆ ಬ್ಯಾನರಿಗೆ ಏನು ಬೇಕಾದರೂ ಮಾಡಿ, ಸಾಕ್ಷಿಗೆ ಬಳಸುವ ಫೋಟೋಕ್ಕೆ ಮಾತ್ರ ಬೇಡ ಅಂದರಂತೆ.

ನಮಗೆ ಬಣ್ಣದ ಪಾಠ ಮುಖ್ಯ. 2024ರ ಮುಂಗಾರಿನಲ್ಲಿ ಪಕ್ಕದ ಹೊಲದವರ ಶೇಂಗಾ ಹಳದಿಗೆ ತಿರುಗಿತು. ಅವರ ಮಗ ಹಿರಿಯೂರು ಬಬ್ಬೂರು ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋಟೋ ಕಳಿಸಿದ. ಬೆಳೆ ಚೆನ್ನಾಗಿಯೇ ಇದೆಯಲ್ಲ ಅಂತ ಉತ್ತರ ಬಂತು. ನೋಡಿದರೆ ಫೋಟೋದಲ್ಲಿ ಎಲೆ ಗಿಣಿಯ ಹಸಿರು! ಅವನು ಏನೂ ತಿದ್ದಿರಲಿಲ್ಲ, ಅವನ ಫೋನೇ ತಿದ್ದಿತ್ತು. ಈಗಿನ ಕೆಲವು ಫೋನುಗಳು ಗಿಡ ಕಂಡರೆ ತಾವೇ ಹಸಿರು ಹೆಚ್ಚು ಮಾಡುತ್ತವೆ. ಕ್ಯಾಮೆರಾದಲ್ಲಿ ‘ಎಐ’ ಅಂತ ಬರೆದ ಗುರುತು ಇದ್ದರೆ ಅದನ್ನು ಆರಿಸಿ. ತಮ್ಮನ ಮಗಳು ಆರಿಸಿಕೊಟ್ಟು, ಎಲೆಯ ಪಕ್ಕದಲ್ಲಿ ಬಿಳಿ ಕಾಗದ ಇಟ್ಟು ಮತ್ತೆ ತೆಗೆದಳು. ಫೋಟೋದಲ್ಲಿ ಕಾಗದ ಬೆಳ್ಳಗೇ ಕಂಡರೆ ಎಲೆಯ ಬಣ್ಣವೂ ಹೆಚ್ಚುಕಡಿಮೆ ಸರಿ ಇದೆ ಅಂತ ಲೆಕ್ಕ. ಎಳೆ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿ ಆಗಿದ್ದರೆ ಕಬ್ಬಿಣದ ಕೊರತೆ ಇರಬಹುದು. ಕೆಳಗಿನ ಹಳೇ ಎಲೆ ಪೂರಾ ಹಳದಿ ಆದರೆ ಸಾರಜನಕದ ಕೊರತೆ ಇರಬಹುದು. ಎರಡಕ್ಕೂ ಔಷಧಿ ಬೇರೆ, ಖರ್ಚು ಬೇರೆ. ಎಳೆ ಎಲೆ ಯಾವುದು, ಹಳೇ ಎಲೆ ಯಾವುದು ಅಂತ ಗೊತ್ತಾಗಲು ಇಡೀ ಗಿಡದ ಫೋಟೋವೂ ಬೇಕು.

ಚುಕ್ಕೆ ರೋಗಕ್ಕೆ ಎಲೆಯ ಹಿಂಭಾಗ ತೆಗೆಯದಿದ್ದರೆ ಫೋಟೋ ದಂಡ. ಮುಂಗಡ ಬರುವ ಎಲೆಚುಕ್ಕೆಯಲ್ಲಿ ಮೇಲ್ಭಾಗದಲ್ಲಿ ಕಂದು ಚುಕ್ಕೆ, ಸುತ್ತ ಹಳದಿ ಬಳೆ. ತಡವಾಗಿ ಬರುವುದರಲ್ಲಿ ಹಿಂಭಾಗದಲ್ಲಿ ಕಪ್ಪು ಚುಕ್ಕೆ, ಮುಟ್ಟಿದರೆ ಒರಟು. ತುಕ್ಕು ರೋಗದ ಕೇಸರಿ ಗುಳ್ಳೆಗಳೂ ಹಿಂಭಾಗದಲ್ಲೇ ಮೊದಲು ಕಾಣುವುದು. ಆದ್ದರಿಂದ ಒಂದು ಎಲೆಗೆ ಎರಡು ಫೋಟೋ.

ತೆಗೆಯುವಾಗ ನಾನು ಪಾಲಿಸುವ ಇನ್ನು ಕೆಲವು ಸಂಗತಿ ಹೇಳಿಬಿಡುತ್ತೇನೆ. ಫೋನಿನ ಹಿಂದಿನ ಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ನಮ್ಮ ಕೈ ಮಣ್ಣು, ಎಣ್ಣೆ ಎಲ್ಲ ಅದರ ಮೇಲೇ ಇರುತ್ತೆ. ಎಲೆಯಿಂದ ಒಂದು ಗೇಣು ದೂರ ಹಿಡಿಯಿರಿ, ಇನ್ನೂ ಹತ್ತಿರ ಹೋದರೆ ಮಬ್ಬು. ಸಣ್ಣ ಎಲೆ, ಹುಳ ಆದರೆ ಹಿಂದೆ ಅಂಗೈ ಹಿಡಿಯಿರಿ. ಇಲ್ಲದಿದ್ದರೆ ಕ್ಯಾಮೆರಾ ಹುಳವನ್ನು ಬಿಟ್ಟು ಹಿಂದಿನ ಮಣ್ಣನ್ನು ನೋಡುತ್ತೆ. ಪರದೆಯಲ್ಲಿ ಎಲೆಯ ಮೇಲೆ ಬೆರಳು ಮುಟ್ಟಿಸಿ, ಉಸಿರು ಹಿಡಿದು ಒತ್ತಿ. ಹುಳದ ಪಕ್ಕ ಬೆಂಕಿಕಡ್ಡಿ ಇಟ್ಟರೆ ಅಳತೆ ಸಿಗುತ್ತೆ. ಬೆಳಗ್ಗೆ ಎಂಟು ಒಂಬತ್ತರ ಬಿಸಿಲು ಒಳ್ಳೆಯದು. ಮಟಮಟ ಮಧ್ಯಾಹ್ನ ತೆಗೆಯಲೇಬೇಕಾದರೆ ಛತ್ರಿ ಹಿಡಿದು ನೆರಳು ಮಾಡಿ. ಬಣ್ಣದ ಛತ್ರಿ ಬೇಡ, ಅದರ ಬಣ್ಣ ಎಲೆಗೂ ಬರುತ್ತೆ. ಕಪ್ಪು ಛತ್ರಿ ಆದೀತು.

ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ. ತೆಗೆದ ಸಮಯ, ಜಾಗದ ವಿವರವೂ ಉದುರಿಹೋಗುತ್ತದೆ. ‘ಡಾಕ್ಯುಮೆಂಟ್’ ಅಂತ ಕಳಿಸಿದರೆ ಇದ್ದಂತೆಯೇ ಹೋಗುತ್ತೆ. ಶೇಂಗಾ ಕಿತ್ತು ಹೊಲದಲ್ಲಿ ಹರಡಿ ಒಣಗಲು ಬಿಟ್ಟಾಗ ಅಕಾಲ ಮಳೆ ಬಿದ್ದು ನಷ್ಟವಾದರೆ, ಕಿತ್ತ 14 ದಿನದ ತನಕ ಫಸಲ್ ಬಿಮಾದಲ್ಲಿ ಪರಿಹಾರಕ್ಕೆ ಅವಕಾಶ ಇದೆ. ಆದರೆ 72 ಗಂಟೆ ಒಳಗೆ ತಿಳಿಸಬೇಕು. ಮಳೆ ನಿಂತ ತಕ್ಷಣ ಮೂರು ಫೋಟೋ ತೆಗೆದಿಡಿ, ಆಮೇಲೆ ಗಿಡ ತಿರುವಿಹಾಕಿ. ಕಾಯಿ ಮೊಳಕೆ ಬಂದಿದ್ದರೆ ಹತ್ತಿರದ ಫೋಟೋದಲ್ಲಿ ಅದು ಕಾಣಲಿ.

ಮೇಷ್ಟ್ರು ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ ಅವರು ತೆಗೆದ ಹಕ್ಕಿ ಫೋಟೋಗಳನ್ನೂ ತೋರಿಸಿದ್ದರಂತೆ. ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡೇ ಅಷ್ಟೆಲ್ಲ ತೆಗೆದವರು ಅವರು, ಅದೂ ರೀಲಿನ ಕಾಲದಲ್ಲಿ. ಒಂದು ರೀಲಿಗೆ 36 ಫೋಟೋ. ತೊಳೆಸಿ ಪ್ರಿಂಟು ಬರುವ ತನಕ ಹಕ್ಕಿ ಬಿದ್ದಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆ ಕಾಲದ ಫೋಟೋ ಅಂತ ಇರುವುದು ಎರಡೇ, ನನ್ನ ಮದುವೆಯದು ಒಂದು, ಅಪ್ಪನದು ಇನ್ನೊಂದು. ಹೊಲದ್ದು ಒಂದೂ ಇಲ್ಲ.

ತಮ್ಮನ ಮಗಳು ಈಗ ಚಳ್ಳಕೆರೆಯಲ್ಲಿ ಪಿಯುಸಿ. ಅವಳ ಹೋಂವರ್ಕು ಪುಸ್ತಕ ನನ್ನ ಹತ್ತಿರ ಇದೆ. ಕೊನೆಯ ಪುಟದಲ್ಲಿ ಅವಳು ಪೂರಾ ಮಾಡದೆ ಬಿಟ್ಟ ಒಂದು ಕೆಲಸ ಇದೆ: ಒಂದೇ ಜಾಗದಲ್ಲಿ ನಿಂತು ತಿಂಗಳಿಗೊಂದು ಫೋಟೋ, ವರ್ಷ ಪೂರ್ತಿ. ಅದನ್ನು ನಾನು ಮಾಡುತ್ತಿದ್ದೇನೆ. ಕಾಲು ತಪ್ಪಬಾರದು ಅಂತ ಮೇಲಿನ ಬದುವಿನಲ್ಲಿ ಚಪ್ಪಡಿ ಕಲ್ಲು ಹೂಳಿದ್ದೇನೆ. ಪ್ರತಿ ತಿಂಗಳ ಅಮಾವಾಸ್ಯೆ ಬೆಳಗ್ಗೆ ಬೇವಿನ ಮರ ನಡುಮಧ್ಯಕ್ಕೆ ಬರುವಂತೆ ತೆಗೆಯುತ್ತೇನೆ. ಎಂಟು ಆಗಿವೆ. ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ಕೆಳಗಿನ ಬದುವಿನ ಹತ್ತಿರದ ಕೊರಕಲು ಕಣ್ಣಿಗೆ ಬಿತ್ತು. ದಿನಾ ಅದನ್ನು ದಾಟಿಕೊಂಡೇ ಓಡಾಡುತ್ತೇನೆ, ಹಿಗ್ಗುತ್ತಿರುವುದು ಕಂಡಿರಲಿಲ್ಲ. ಮೊದಲ ಫೋಟೋದಲ್ಲಿ ಒಂದು ಮೊಳ, ಈಗ ಎರಡು ಮೊಳ ಮೇಲೇ ಇದೆ. ಬರುವ ಮಳೆಗೆ ಮೊದಲು ಅದಕ್ಕೆ ಅಡ್ಡ ಕಲ್ಲು ಕಟ್ಟಬೇಕು. ಗಾಡಿಯಲ್ಲಿ ಕಲ್ಲು ಹೇರಲು ಶುರು ಮಾಡಿದ್ದೇನೆ.