ಪರರಾಷ್ಟ್ರ ಸೇವೆಯ ಪ್ರಥಮ ಮಹಿಳೆ

ಮಗಳು ಇಂಗ್ಲಿಷ್ ಸಾಹಿತ್ಯವನ್ನು ಓದಿ ಮುಂದೇನು ಮಾಡುವಳೆಂದು ಪಾಲಕರು ನಮ್ಮನ್ನು ಕೇಳುವುದುಂಟು. ಶಿಕ್ಷಕಿಯಾಗಬಹುದೆಂದು ನಾವು ಹೇಳುತ್ತ ಬಂದಿರುವೆವು. ಕೊಡಗಿನ ಓರ್ವ ಹೆಣ್ಣುಮಗಳು ಇದಕ್ಕೆ ಬೇರೊಂದು ಉತ್ತರವನ್ನು ಕೊಟ್ಟಿರುವರು.

ಚೋನಿರ ಬೆಳ್ಳಿಯಪ್ಪ ಮುತ್ತಮ್ಮನವರು 1924ನೆಯ ಇಸವಿಯಲ್ಲಿ ವಿರಾಜಪೇಟೆಯಲ್ಲಿ ಜನಿಸಿದರು. ಅರಣ್ಯ ಖಾತೆಯ ಅಧಿಕಾರಿಗಳಾಗಿದ್ದ ತಂದೆಯು ಇವರ ಒಂಬತ್ತನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ನಾಲ್ವರು ಮಕ್ಕಳನ್ನು ಓದಿಸಿದ ಭಾರವೆಲ್ಲ ತಾಯಿಯದು. ಮಡಿಕೇರಿಯ ಸಂತ ಜೋಸೆಫರ ಕನ್ಯಾಶಾಲೆ, ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು, ಪ್ರೆಸಿಡೆನ್ಸಿ ಕಾಲೇಜಿನ ಎಂ.ಎ. ಪದವಿ: ಇದು ಇವರ ವಿದ್ಯಾಭ್ಯಾಸದ ಹಾದಿ.

ಪರದೇಶಗಳಲ್ಲಿ ಭಾರತದ ಪರವಾಗಿ ಮಾತನಾಡುವ ಸೇವೆಯು ಸ್ಥಾಪಿತವಾದುದು 1946ರಲ್ಲಿ. 1947ರಲ್ಲಿ ವಿಜಯಲಕ್ಷ್ಮಿ ಪಂಡಿತರು ಮಾಸ್ಕೋಗೆ ರಾಯಭಾರಿಯಾಗಿ ಹೋದರಷ್ಟೆ; ಆದರೆ ಅದು ಸರಕಾರವು ನೇರವಾಗಿ ಮಾಡಿದ ನೇಮಕ. ಪರೀಕ್ಷೆಯನ್ನು ಬರೆದು, ಕೆಳಗಿನ ಮೆಟ್ಟಿಲಿನಿಂದ ಏರುವುದು ಬೇರೆ ಮಾತು. ಮುತ್ತಮ್ಮನವರು ಪರೀಕ್ಷೆಯಲ್ಲಿ ತೇರ್ಗಡೆಯಾಗಿ 1949ರಲ್ಲಿ ಸೇವೆಯನ್ನು ಸೇರಿದರು. ಹೀಗೆ ಸೇರಿದ ಮಹಿಳೆಯರಲ್ಲಿ ಇವರೇ ಮೊದಲಿಗರು.

ಸೇರುವಾಗಲೇ ಒಂದು ಮುಚ್ಚಳಿಕೆಗೆ ರುಜು ಹಾಕಬೇಕಾಯಿತು: ವಿವಾಹವಾದರೆ ನೌಕರಿಗೆ ರಾಜೀನಾಮೆ ಕೊಡತಕ್ಕದ್ದು! ಜೊತೆಗೆ ಸೇರಿದ ಗಂಡಸರಿಗೆ ಇಂಥ ಕರಾರಿರಲಿಲ್ಲವೆಂಬುದನ್ನು ಹೇಳಬೇಕಾದುದಿಲ್ಲ. ಹೆಂಡತಿಯುಳ್ಳ ರಾಯಭಾರಿಗೆ ಅತಿಥಿಸತ್ಕಾರದಲ್ಲಿ ನೆರವು ದೊರೆಯುವುದೆಂದೂ, ಗಂಡನುಳ್ಳ ರಾಯಭಾರಿಗೆ ಸಂಸಾರವೇ ಅಡ್ಡಿಯಾಗುವುದೆಂದೂ ಆಗಿನವರ ಎಣಿಕೆಯಾಗಿದ್ದಿರಬೇಕು.

ಮೊದಲ ನೇಮಕವು ಪ್ಯಾರಿಸ್ಸಿನ ರಾಯಭಾರ ಕಚೇರಿಗೆ. ಎಳೆಯ ಅಧಿಕಾರಿಯ ಕೆಲಸದಲ್ಲಿ ಔತಣಕ್ಕಿಂತ ಕಾಗದವೇ ಹೆಚ್ಚು. ಆ ದೇಶದ ಪತ್ರಿಕೆಗಳನ್ನು ಓದುವುದು, ಯಾವ ಮಂತ್ರಿಯ ಮಾತಿಗೆ ಯಾವ ಅರ್ಥವೆಂದು ತೂಗಿ ನೋಡುವುದು, ದಿಲ್ಲಿಗೆ ವರದಿಯನ್ನು ಬರೆಯುವುದು. ಬರೆದುದರಲ್ಲಿ ಒಂದು ಶಬ್ದವೂ ಹೆಚ್ಚುಕಡಿಮೆಯಾಗಕೂಡದು. ಸಾಹಿತ್ಯದ ಓದು ಇಲ್ಲಿ ವ್ಯರ್ಥವಾಗದೆಂಬುದು ನಮ್ಮ ಮತ.

1970ರಲ್ಲಿ ಹಂಗೇರಿಗೆ ರಾಯಭಾರಿಯಾಗಿ ನಿಯುಕ್ತರಾದರು. ಮುಂದೆ ಬಡತಿಯು ತಪ್ಪಿದಾಗ, ವಿವಾಹಕ್ಕೆ ಸರಕಾರದ ಅಪ್ಪಣೆಯನ್ನು ಬೇಡುವ 1961ರ ನಿಯಮಗಳನ್ನೂ ಎತ್ತಿ ತೋರಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೇರಿದರು. ವ್ಯಾಜ್ಯವು ನಡೆದಿರುವಾಗಲೇ ಬಡತಿಯು ದೊರೆಯಿತು. ಆದುದರಿಂದ ಅರ್ಜಿಯು ವಜಾ ಆಯಿತು. ಆದರೂ 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರರು ಆ ನಿಯಮಗಳನ್ನು ಬಲವಾಗಿ ಖಂಡಿಸಿದರು: ಸಂಸಾರವು ಹೆಂಗಸಿನ ಕೆಲಸಕ್ಕೆ ಅಡ್ಡಿಯಾದರೆ ಗಂಡಸಿನದಕ್ಕೂ ಆಗಬೇಡವೆ?

ಮುಚ್ಚಳಿಕೆಯ ನಿಯಮವು ಹೋಯಿತು. ಮುತ್ತಮ್ಮನವರು ಅವಿವಾಹಿತೆಯಾಗಿಯೇ ಉಳಿದು, 2009ರಲ್ಲಿ ನಿಧನರಾದರು.