ವಠಾರವೂ ಅಲ್ಲ, ವೃದ್ಧಾಶ್ರಮವೂ ಅಲ್ಲ

ಮಕ್ಕಳೇ, ನಿಮಗೆ ನೂರು ಜನ ಅಪ್ಪ–ಅಮ್ಮಂದಿರು ಇದ್ದರೆ ಹೇಗಿರುತ್ತದೆ? ಡೆನ್ಮಾರ್ಕಿನ ಬೋಡಿಲ್ ಗ್ರೋ ಎಂಬ ಲೇಖಕಿ 1967ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಲೇಖನದ ತಲೆಬರಹವೇ ಹಾಗಿತ್ತು: ಮಕ್ಕಳಿಗೆ ನೂರು ಮಂದಿ ತಂದೆತಾಯಿಯರಿರಬೇಕು ಎಂದು. ಅಂಥ ಯೋಚನೆ ಹಿಡಿಸಿದ ಕುಟುಂಬಗಳು ಒಟ್ಟುಗೂಡಿ, 1972ರ ಹೊತ್ತಿಗೆ ಸೆಟ್ಟೆಡಾಮೆನ್ ಎಂಬಲ್ಲಿ 27 ಮನೆ ಕಟ್ಟಿಕೊಂಡವು. ಪ್ರತಿ ಮನೆಗೂ ಅದರದೇ ಬಾಗಿಲು, ಅದರದೇ ಅಡುಗೆಮನೆ. ಜೊತೆಗೆ ಕೂಡಿ ಉಣ್ಣಲು, ಆಡಲು ಎಲ್ಲರಿಗೂ ಸೇರಿದ ಇನ್ನೊಂದು ಮನೆ. ಇದಕ್ಕೆ ಕೋಹೌಸಿಂಗ್ ಎನ್ನುತ್ತಾರೆ. ಮುಂದೆ ವಯಸ್ಸಾದವರೂ ಇದೇ ದಾರಿ ಹಿಡಿದರು.

ಮೈಸೂರಿನ ನಮ್ಮ ವಾಕಿಂಗ್ ಗುಂಪಿನ ಆರು ಅಜ್ಜಿಯರಿಗೂ ಈಚೆಗೆ ಇದೇ ಆಸೆ ಹತ್ತಿದೆ. ಒಂದೇ ಕಾಂಪೌಂಡಿನಲ್ಲಿ ಆರು ಪುಟ್ಟ ಮನೆ. ನಾನು ಬಾಯಿಬಿಟ್ಟಿದ್ದೇ ತಡ, ನಾದಿನಿ ಫೋನ್ ಮಾಡಿ ದನಿ ತಗ್ಗಿಸಿ, “ಅತ್ತಿಗೆ, ಸೊಸೆ ಜೊತೆ ಏನಾದ್ರೂ ಆಯ್ತಾ?” ಎಂದಳು. ಮಗನ ಮುಖ ಸಪ್ಪಗಾಯಿತು. “ಜನ ನನ್ನ ಬಗ್ಗೆ ಏನಂದ್ಕೋತಾರಮ್ಮ?” ಖುಷಿಪಟ್ಟವಳು ಆರನೇ ಕ್ಲಾಸಿನ ಮೊಮ್ಮಗಳೊಬ್ಬಳೇ. ರಜಕ್ಕೆ ಬಂದರೆ ಆರು ಅಜ್ಜಿಯರ ಕೈರುಚಿ ಸಿಗುತ್ತದೆಂಬ ಲೆಕ್ಕ ಅವಳದು!

ವಯಸ್ಸಾದವರು ಬೇರೆ ಇರುತ್ತೇವೆಂದರೆ ನಮ್ಮವರ ಕಿವಿಗೆ ‘ವೃದ್ಧಾಶ್ರಮ’ ಎಂದೇ ಕೇಳಿಸುತ್ತದೆ. ಅಲ್ಲಿಗೆ ಹೆಚ್ಚಿನವರನ್ನು ಬೇರೆಯವರು ಬಿಟ್ಟುಬರುತ್ತಾರೆ. ಊಟದ ಹೊತ್ತನ್ನೂ ಬೇರೆಯವರೇ ಗೊತ್ತುಮಾಡುತ್ತಾರೆ. ಇಲ್ಲಿ ಜಾಗ ಹುಡುಕುವುದರಿಂದ ಹಿಡಿದು ನಿಯಮ ಬರೆಯುವವರೆಗೆ ಎಲ್ಲವೂ ಇರುವವರ ಕೈಯಲ್ಲೇ. ನಾನು ಬೆಳೆದ ವಠಾರವೂ ಹೀಗಿರಲಿಲ್ಲ. ಒಬ್ಬರ ಮನೆ ಒಗ್ಗರಣೆ ಇನ್ನೊಬ್ಬರಿಗೆ ಘಮ್ಮೆನ್ನುತ್ತಿತ್ತು, ನಿಜ. ಆದರೆ ಒಂದೇ ನಲ್ಲಿ, ಬೆಳಗಾದರೆ ಕೊಡಗಳ ಜಗಳ, ಎಲ್ಲದಕ್ಕೂ ಮಾಲೀಕರ ಅಪ್ಪಣೆ. ಆ ಕಾಲವನ್ನು ಹಾಡಿ ಹೊಗಳುವವರು ನಲ್ಲಿಯ ಮುಂದೆ ನಿಂತವರಲ್ಲ ಅಂತ ನನ್ನ ಗುಮಾನಿ.

ಅನುಮಾನ ನಮ್ಮಲ್ಲಿ ಮಾತ್ರವೇ? ಲಂಡನ್ನಿನ ಹೈ ಬಾರ್ನೆಟ್‌ನಲ್ಲಿ ‘ನ್ಯೂ ಗ್ರೌಂಡ್’ ಎಂಬ ಮನೆಸಮೂಹವಿದೆ. 50 ದಾಟಿದ ಹೆಂಗಸರದು. ಗಂಡಸರು ನೆಂಟರಾಗಿ ಬರಬಹುದು, ವಾಸಕ್ಕಿಲ್ಲ. 1998ರಲ್ಲಿ ಶುರುವಾದ ಗುಂಪು ಮನೆಯೊಳಗೆ ಕಾಲಿಟ್ಟದ್ದು 2016ರ ಕೊನೆಗೆ. ಹದಿನೆಂಟು ವರ್ಷ! ಜಾಗ ಸಿಗಲಿಲ್ಲ, ಅನುಮತಿ ಬೇಗ ದೊರೆಯಲಿಲ್ಲ. ವಯಸ್ಸಾದವರು ಗುಂಪಾಗಿ ಬಂದರೆ ಅವರ ಆರೈಕೆಯ ಖರ್ಚು ತಮ್ಮ ತಲೆಗೇ ಬರುತ್ತದೆಂಬ ಅಳುಕು ಸ್ಥಳೀಯ ಆಡಳಿತಗಳಿಗಿತ್ತು. ಒಬ್ಬರಿಗೊಬ್ಬರು ಆಸರೆಯಾದರೆ ಆ ಹೊರೆ ಇಳಿಯಬಹುದೆಂದು ಒಪ್ಪಿಸಲು ಅಷ್ಟು ಕಾಲ ಹಿಡಿಯಿತು. ಈಗ ಅಲ್ಲಿ 25 ಫ್ಲಾಟುಗಳಿವೆ. ಎಂಟನ್ನು ಕೊಳ್ಳುವ ಶಕ್ತಿಯಿಲ್ಲದವರಿಗೆಂದು ಬಾಡಿಗೆಗೆ ಇಟ್ಟಿದ್ದಾರೆ. ಇದು ನನಗೆ ತುಂಬಾ ಹಿಡಿಸಿದ ಅಂಶ.

“ಎಲ್ಲರೂ ಒಟ್ಟಿಗೇ ಮುದುಕರಾದರೆ ಬಿದ್ದವರನ್ನು ಎತ್ತುವವರು ಯಾರು?” ನಮ್ಮೆಜಮಾನರು ಕೇಳಿದ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ನ್ಯೂ ಗ್ರೌಂಡಿಗೆ ಮೊದಲು ಬಂದವರಲ್ಲಿ ಐವತ್ತರ ಆಚೀಚಿನವರಿಂದ ಎಂಬತ್ತು ದಾಟಿದವರ ತನಕ ಇದ್ದರು. ಅವರು ಒಬ್ಬರ ಮೇಲೊಬ್ಬರು ನಿಗಾ ಇಡುತ್ತಾರೆ. ಆದರೆ ಹಾಸಿಗೆ ಹಿಡಿದವರ ಶುಶ್ರೂಷೆ ನೆರೆಯವರ ಹೊಣೆಯಲ್ಲವೆಂದು ಮೊದಲೇ ಮಾತಾಡಿಕೊಂಡಿದ್ದಾರೆ. ನಮ್ಮ ಆರು ಮಂದಿಯಲ್ಲಿ ಎಲ್ಲರಿಗಿಂತ ಚಿಕ್ಕವಳಿಗೇ ಅರವತ್ತಾರು. ಆದ್ದರಿಂದ ಐವತ್ತರ ಆಸುಪಾಸಿನ ಇಬ್ಬರನ್ನಾದರೂ ಸೇರಿಸಿಕೊಳ್ಳಬೇಕೆಂದು ನಾನು ಹಟ ಹಿಡಿದಿದ್ದೇನೆ.

ಸೈಟು ಇನ್ನೂ ನೋಡಿಲ್ಲ. ಮೂರು ತಿಂಗಳು ಪ್ರತಿ ಶನಿವಾರ ಒಬ್ಬೊಬ್ಬರ ಮನೆಯಲ್ಲಿ ಕೂಡಿ ಅಡುಗೆ ಮಾಡಿ ಉಣ್ಣುವುದೆಂದು ತೀರ್ಮಾನವಾಗಿದೆ. ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬಲ್ಲೇ ಈಗ ಮೂರು–ಮೂರು ಪಕ್ಷವಾಗಿದೆ.