ಹಲ್ಲು ಬೆಳ್ಳಗಾಗಬೇಕೇ? ಮೊದಲು ಕಲೆ ಎಲ್ಲಿಯದು ನೋಡಿ

ತುಮಕೂರು: ಲಗ್ನದ ದಿನಗಳು ಬಂದರೆ ಬಟ್ಟೆ ಅಂಗಡಿ, ಚಿನ್ನದಂಗಡಿಗಳ ಜೊತೆಗೆ ಹಲ್ಲಿನ ಡಾಕ್ಟರ ಶಾಪಿನಲ್ಲೂ ಬೆಂಚು ಖಾಲಿ ಇರುವುದಿಲ್ಲ. ಅಂಥದೊಂದು ಬೆಂಚಿನ ಮೇಲೆ ಮೊನ್ನೆ ಪಾವಗಡ ಕಡೆಯ ಮದುವೆ ಗಂಡು ಕೂತಿದ್ದ. ಇನ್ನು ಹದಿನೈದೇ ದಿನಕ್ಕೆ ಧಾರೆ. ಮುಂದಿನ ನಾಲ್ಕು ಹಲ್ಲಿನ ಮೇಲೆ ಕಂದು ಪಟ್ಟೆ.

"ಮನೇಲಿ ಏನಾದ್ರೂ ಮಾಡಿದ್ಯೇನಪ್ಪಾ?" ಎಂದರು ಡಾಕ್ಟರು.

"ನಿಂಬೆಹಣ್ಣು, ಅಡುಗೆ ಸೋಡಾ ಹಾಕಿ ತಿಂಗಳಿಂದ ಉಜ್ತಾ ಇದೀನಿ ಸಾರ್. ಕಲೆ ಹೋಗ್ಲಿಲ್ಲ. ಈಗ ತಣ್ಣೀರು ಕುಡಿದ್ರೆ ಜುಮ್ ಅಂತದೆ."

"ಚಿಕ್ಕವನಿದ್ದಾಗ ಯಾವ ನೀರು ಕುಡೀತಿದ್ದೆ?"

"ಬೋರ್‌ವೆಲ್ ನೀರೇ ಸಾರ್, ಇನ್ಯಾವ್ದು?"

ಅಲ್ಲಿಗೆ ರೋಗ ಗೊತ್ತಾಯಿತು. ಪಾವಗಡ, ಶಿರಾ, ಮಧುಗಿರಿ ಸೀಮೆಯ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಬೇರೆ ನೀರೇ ಇಲ್ಲವೆಂದರೂ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ಸರ್ಕಾರದ ಲೆಕ್ಕ. ಮಗುವಿಗೆ ಸುಮಾರು ಎಂಟು ವರ್ಷವಾಗುವ ತನಕ ಮುಂದಿನ ಹಲ್ಲುಗಳು ದವಡೆಯೊಳಗೆ ತಯಾರಾಗುತ್ತಿರುತ್ತವೆ. ಆಗ ಇಂಥ ನೀರು ಕುಡಿದರೆ ಕಲೆ ಹಲ್ಲಿನ ಒಳಗೇ ಕೂರುತ್ತದೆ. ಹೊರಗಿಂದ ಉಜ್ಜಿದರೆ ಅದು ಹೋಗುವುದೆಲ್ಲಿಗೆ?

ಉಜ್ಜಿದಷ್ಟೂ ಹಳದಿ

ಹಲ್ಲಿನ ಮೇಲಿನ ಬಿಳಿ ಪದರ ಎನಾಮಲ್ಲು. ಒಮ್ಮೆ ಸವೆದರೆ ಉಗುರಿನಂತೆ ಮತ್ತೆ ಬೆಳೆಯುವಂಥದ್ದಲ್ಲ. ಅದರ ಕೆಳಗಿರುವುದು ಹಳದಿ ಪದರ. ನಿಂಬೆಯ ಹುಳಿ ಎನಾಮಲ್ಲನ್ನು ಮೆತ್ತಗೆ ಮಾಡುತ್ತದೆ, ಬ್ರಷ್ಷು ಅದನ್ನು ಕೆರೆದು ಹಾಕುತ್ತದೆ. ಬೆಳ್ಳಗಾಗಲೆಂದು ಉಜ್ಜಿದವನ ಹಲ್ಲು ವರ್ಷ ಕಳೆದಂತೆ ಇನ್ನಷ್ಟು ಹಳದಿಯಾಗುವುದು ಹೀಗೆ. ಇಟ್ಟಿಗೆ ಪುಡಿ, ಇದ್ದಿಲು ಪುಡಿಯ ಕಥೆಯೂ ಇದೇ. ಅಜ್ಜಿ ಒಲೆಯಿಂದ ಪುಕ್ಕಟೆ ತೆಗೆಯುತ್ತಿದ್ದ ಇದ್ದಿಲನ್ನು ಈಗ ಟ್ಯೂಬಿನಲ್ಲಿ ತುಂಬಿ ದುಡ್ಡಿಗೆ ಮಾರುತ್ತಿದ್ದಾರೆ, ಅಷ್ಟೇ ವ್ಯತ್ಯಾಸ. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಯನ್ನಂತೂ ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ.

ಎಲೆ ಅಡಿಕೆ, ಕಡ್ಡಿಪುಡಿ, ಬೀಡಿ, ದಿನಕ್ಕೆ ಎಂಟು ಟೀ, ಇವುಗಳ ಕಲೆ ಬೇರೆ. ಅದು ಹೊರಗೆ ಅಂಟಿದ್ದು. ಗಲ್ಲಾಪೆಟ್ಟಿಗೆ ಮುಂದೆ ದಿನವಿಡೀ ಎಲೆ ಅಡಿಕೆ ಹಾಕುವವರಿಗೆ ಹೆಚ್ಚಾಗಿ ಬ್ಲೀಚಿಂಗೇ ಬೇಕಿಲ್ಲ, ಶಾಪಿನಲ್ಲಿ ಒಮ್ಮೆ ಕ್ಲೀನಿಂಗ್ ಮಾಡಿಸಿದರೆ ಸಾಕು. "ಕ್ಲೀನ್ ಮಾಡ್ಸಿದ್ರೆ ಹಲ್ಲು ಸಡಿಲ ಆಗ್ತವಂತೆ" ಎಂಬ ಮಾತು ಬಸ್‌ಸ್ಟ್ಯಾಂಡಿನಲ್ಲಿ ಈಗಲೂ ಓಡಾಡುತ್ತಿದೆ. ಸಂದಿಯಲ್ಲಿ ಕಟ್ಟಿದ್ದ ಗಾರೆ ಹೋದಾಗ ಹಲ್ಲು ಬಿಟ್ಟಂತೆ ಕಾಣುತ್ತದೆ. ಒಸಡನ್ನು ಮೊದಲೇ ಕೆಡಿಸಿದ್ದು ಆ ಗಾರೆ, ಡಾಕ್ಟರಲ್ಲ.

ಮನೆಯೋ, ಶಾಪೋ?

ನಿಜವಾದ ಬ್ಲೀಚಿಂಗ್ ಮಾಡುವುದು ಪೆರಾಕ್ಸೈಡ್ ಎಂಬ ರಾಸಾಯನಿಕ. ಶಾಪಿನಲ್ಲಿ ಒಸಡಿಗೆ ರಕ್ಷಣೆ ಕಟ್ಟಿ, ಶೇಕಡಾ 25ರಿಂದ 40ರಷ್ಟು ಗಟ್ಟಿ ಇರುವುದನ್ನು ಹಚ್ಚುತ್ತಾರೆ. ಗಂಟೆ ಹೊತ್ತಿನಲ್ಲಿ ಬದಲಾವಣೆ ಕಾಣುತ್ತದೆ, ಜೇಬಿಗೂ ಕಾಣುತ್ತದೆ. ಇದೇ ಸರಕನ್ನು ಮನೆಯಲ್ಲಿ ಮುಟ್ಟಿದರೆ ಒಸಡು ಸುಟ್ಟೀತು.

ಇವೆರಡರ ನಡುವೆ ಇನ್ನೊಂದು ದಾರಿಯಿದೆ, ಕೇಳುವವರು ಮಾತ್ರ ಕಡಿಮೆ. ಡಾಕ್ಟರು ಹಲ್ಲಿನ ಅಚ್ಚು ತೆಗೆದು ತೆಳ್ಳನೆಯ ತಟ್ಟೆ ಮಾಡಿಕೊಡುತ್ತಾರೆ. ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ಲನ್ನು ಅದಕ್ಕೆ ಸ್ವಲ್ಪ ಹಾಕಿ, ರಾತ್ರಿ ಹಲ್ಲಿಗೆ ತೊಟ್ಟು ಮಲಗುವುದು. ಅಮೆರಿಕದ ಇಬ್ಬರು ದಂತವೈದ್ಯರು 1989ರಲ್ಲಿ ಪ್ರಕಟಿಸಿದ ವಿಧಾನವಿದು. ಎರಡು ವಾರ ತಾಳ್ಮೆ ಬೇಕು, ಆದರೆ ಕೊನೆಗೆ ಬರುವ ಬಿಳುಪು ಶಾಪಿನದಕ್ಕೆ ಹೆಚ್ಚು ಕಡಿಮೆ ಸಮ. ಜುಮ್ಮೆನ್ನುವುದೂ ಸಾಮಾನ್ಯವಾಗಿ ಕಡಿಮೆ.

ಹುಳುಕು ಹಲ್ಲಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಗರ್ಭಿಣಿಯರಿಗೆ, ಮಕ್ಕಳಿಗೆ ಬ್ಲೀಚಿಂಗ್ ಬೇಡ. ಕ್ಯಾಪು, ಫಿಲ್ಲಿಂಗು ಬಣ್ಣ ಬದಲಿಸುವುದಿಲ್ಲ. ಟೀ, ಬೀಡಿ ಬಿಡದಿದ್ದರೆ ಕಲೆ ಮತ್ತೆ ಹಾಜರ್.

ಮದುವೆ ಗಂಡಿಗೆ ಇವ್ಯಾವುವೂ ಸದ್ಯಕ್ಕೆ ಒಗ್ಗುವಂತಿರಲಿಲ್ಲ. ಫ್ಲೋರೈಡ್ ಕಲೆ ತೆಳುವಾಗಿದ್ದರೆ ಬ್ಲೀಚಿಂಗಿಗೆ ಒಂದಿಷ್ಟು ತಗ್ಗುತ್ತದೆ, ಇಷ್ಟು ಗಾಢವಾದದ್ದಕ್ಕೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಲೇಪವೇ ಗತಿ. ಅದಕ್ಕೂ ಮುಂಚೆ ಜುಮ್ಮೆನ್ನುವುದು ನಿಲ್ಲಬೇಕು.

"ನಿಂಬೆಹಣ್ಣು ಇವತ್ತೇ ಬಿಡು. ಲಗ್ನ ಮುಗಿಸ್ಕೊಂಡು ಬಾ, ಲೇಪ ಮಾಡೋಣ" ಎಂದ ಡಾಕ್ಟರು, "ಮನೇಲಿ ಚಿಕ್ಕ ಮಕ್ಕಳಿದಾರಾ?" ಎಂದು ಕೇಳಿದರು.

"ಅಣ್ಣನ ಮಕ್ಕಳಿಬ್ರು ಸಾರ್, ನಾಲ್ಕು ವರ್ಷ, ಆರು ವರ್ಷ."

"ಯಾವ ನೀರು ಕುಡೀತಾರೆ?"

"ಊರಲ್ಲಿ ಶುದ್ಧ ನೀರಿನ ಘಟಕ ಹಾಕವ್ರೆ ಸಾರ್. ಅದು ಕೆಟ್ಟು ಎರಡು ತಿಂಗಳಾಯ್ತು. ಮತ್ತೆ ಬೋರ್ ನೀರೇ."